ತೆಗೆದು ಬಿಸಾಕಿದ ವಾಲ್ವ್ ಮತ್ತೆ ಹಾಕಿದ ಕಥೆ

ಎರಡು ವರ್ಷದ ಹಿಂದಿನ ಏಪ್ರಿಲ್. ಅಪ್ಪನ ಕಣ್ಣು ತೋರಿಸಲು ಮಣಿಪಾಲಕ್ಕೆ ಹೋಗಿ ತೀರ್ಥಹಳ್ಳಿಗೆ ವಾಪಸ್ ಬರುತ್ತಿದ್ದೆವು. ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಲು ಶುರು ಮಾಡಿದಾಗ ಮಧ್ಯಾಹ್ನ ಎರಡೂವರೆ. ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಅರ್ಧ ಹತ್ತಿರಬೇಕು, ಟೆಂಪರೇಚರ್ ಮುಳ್ಳು ಮಧ್ಯದಿಂದ ಮೇಲೆ ಹೋಗತೊಡಗಿತು. ಎಸಿ ಬಂದ್ ಮಾಡಿದೆ. ಮುಂದಿನ ತಿರುವಿನಲ್ಲಿ ಮುಳ್ಳು ಕೆಂಪು ಗೆರೆ ಮುಟ್ಟಿತು, ಬಾನೆಟ್ ಸಂದಿಯಿಂದ ಆವಿ ಬಂತು. ಸ್ವಲ್ಪ ಜಾಗ ಇದ್ದ ಕಡೆ ನಿಲ್ಲಿಸಿ ಇಂಜಿನ್ ಆಫ್ ಮಾಡಿದೆ.

ನಾನು ಬಾನೆಟ್ ಎತ್ತಿ, ಇಂಜಿನ್ನಿನ ಬಿಸಿ ನೀರನ್ನು ಆರಿಸುವ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲು ಹೋದೆ. ಅಪ್ಪ ಒಳಗಿಂದಲೇ ಕೂಗಿದರು. "ಏ, ಮುಟ್ಟಬೇಡ ಮಾರಾಯ! ಮುಖ ಬೆಂದು ಹೋಗ್ತದೆ!" ಅವರು ನನ್ನನ್ನು ಅಷ್ಟು ಜೋರಾಗಿ ಗದರಿ ಮೂವತ್ತು ವರ್ಷವೇ ಆಗಿತ್ತೇನೋ. ಅವರು ಹೇಳಿದ್ದು ಸರಿ. ಮುಚ್ಚಳ ಹಾಕಿದ ರೇಡಿಯೇಟರ್ ಅಂದರೆ ಕುಕ್ಕರ್ ಇದ್ದ ಹಾಗೆ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗಿ ನೀರು ಒಮ್ಮೆಗೇ ಕುದಿದು ಆವಿಯ ಜೊತೆ ಮುಖಕ್ಕೆ ಹಾರುತ್ತದೆ. ಇದನ್ನು ಓದುವವರಲ್ಲಿ ಒಬ್ಬರಾದರೂ ನೆನಪಿಟ್ಟುಕೊಳ್ಳಲಿ ಅಂತ ಮೊದಲೇ ಬರೆಯುತ್ತಿದ್ದೇನೆ.

ಮೇಲೆ ಹೋಗುತ್ತಿದ್ದ ಬಸ್ಸಿನ ಡ್ರೈವರ್ ನಿಲ್ಲಿಸಿ ಕೇಳಿ, ಒಬ್ಬ ಮೆಕ್ಯಾನಿಕ್‌ಗೆ ಹೇಳಿ ಕಳಿಸಿದರು. ಒಂದು ಗಂಟೆಯಲ್ಲಿ ಆ ಹುಡುಗ ಬೈಕಿನಲ್ಲಿ ಬಂದ. ಚುರುಕು ಹುಡುಗ. ಇಂಜಿನ್ನಿಗೆ ಕೈ ಹಿಡಿದು ನೋಡಿದ, ಇನ್ನೂ ಕೆಂಡದ ಹಾಗಿತ್ತು. ರೇಡಿಯೇಟರ್ ಮುಟ್ಟಿದ, ತಣ್ಣಗಿತ್ತು. "ವಾಲ್ವ್ ಜಾಮ್ ಸಾರ್" ಅಂದ. ಇಂಜಿನ್ ಬಿಸಿ, ರೇಡಿಯೇಟರ್ ತಣ್ಣಗೆ ಅಂದರೆ ನಡುವಿನ ಬಾಗಿಲು ತೆರೆದಿಲ್ಲ. ಆ ಬಾಗಿಲೇ ಥರ್ಮೋಸ್ಟ್ಯಾಟ್. ಆರಿದ ಮೇಲೆ ಅವನು ಎರಡು ಬೋಲ್ಟ್ ಬಿಚ್ಚಿ ಅದನ್ನು ಹೊರಗೆ ತೆಗೆದ, ಅದು ಕೂತಿದ್ದ ಖಾಲಿ ಮನೆ ಮುಚ್ಚಿದ, ಕ್ಯಾನಿನಲ್ಲಿ ತಂದಿದ್ದ ನೀರು ತುಂಬಿದ. ಕಾರು ಸಲೀಸಾಗಿ ಘಾಟಿ ಹತ್ತಿತು.

ಆ ದಿನಕ್ಕೆ ಅವನು ಮಾಡಿದ್ದು ಪೂರ್ತಿ ಸರಿ. ಘಾಟಿಯ ಮಧ್ಯೆ, ವಯಸ್ಸಾದ ಅಪ್ಪನನ್ನು ಕೂರಿಸಿಕೊಂಡು, ಬೇರೆ ದಾರಿ ಇರಲಿಲ್ಲ. ಆದರೆ ಹೊರಡುವಾಗ ಒಂದು ಮಾತು ಹೇಳಿದ. "ಹೊಸದು ಹಾಕಿಸೋದೇನೂ ಬೇಡ ಸಾರ್. ಅದು ಚಳಿ ದೇಶಕ್ಕೆ. ನಮ್ ಕಡೆ ಎಲ್ರೂ ತೆಗೆಸ್ತಾರೆ."

ನಾನು ಅದನ್ನು ನಂಬಿದೆ. ಹತ್ತಿರ ಹತ್ತಿರ ಎರಡು ವರ್ಷ ಹಾಗೇ ಓಡಿಸಿದೆ. ಈ ಮಾತನ್ನು ನೀವೂ ಕೇಳಿರುತ್ತೀರಿ. ಅದು ತಪ್ಪು ಅಂತ ನನಗೆ ನಿಧಾನಕ್ಕೆ ಗೊತ್ತಾಯಿತು.

ಮೊದಲು ಗೊತ್ತಾಗಿದ್ದು ಮಳೆಗಾಲದಲ್ಲಿ. ಮಲೆನಾಡಿನ ಜುಲೈ ಗೊತ್ತಲ್ವಾ, ಗಾಜು ತೆರೆದರೆ ಮಳೆ ಒಳಗೆ, ಮುಚ್ಚಿದರೆ ಮುಂದಿನ ಗಾಜಿಗೆಲ್ಲ ಮಂಜು. ಮೊದಲಾದರೆ ಎಸಿ ಜೊತೆ ಹೀಟರ್ ತಿರುಗಿಸಿದರೆ ಗಾಜು ಬೇಗ ಸ್ವಚ್ಛವಾಗುತ್ತಿತ್ತು. ಈಗ ಹೀಟರ್‌ನಿಂದ ಬರುವುದು ಉಗುರುಬೆಚ್ಚಗಿನ ಗಾಳಿ. ಕಾರಿನ ಹೀಟರ್‌ಗೆ ಬೇರೆ ಒಲೆ ಇಲ್ಲ. ಇಂಜಿನ್ನಿನ ಬಿಸಿ ನೀರೇ ಅದರ ಒಲೆ. ಇಂಜಿನ್ ಬಿಸಿಯಾಗದಿದ್ದರೆ ಅದೂ ಬಿಸಿಯಾಗುವುದಿಲ್ಲ. ಒಂದು ಸಂಜೆ ಕೊಪ್ಪದಿಂದ ಬರುವಾಗ ಮಗಳು ಬಟ್ಟೆ ಹಿಡಿದು ದಾರಿಯುದ್ದಕ್ಕೂ ಗಾಜು ಒರೆಸಿದಳು.

ಆಮೇಲೆ ಮೈಲೇಜು. ಲೀಟರಿಗೆ 17 ಕೊಡುತ್ತಿದ್ದ ಗಾಡಿ 15ಕ್ಕೆ ಇಳಿದಿತ್ತು. ಹಳೇ ಗಾಡಿ ಅಂತ ಸುಮ್ಮನಿದ್ದೆ. ಡಿಸೆಂಬರಿನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದರೆ ಒಳಗೆ ಬೆಣ್ಣೆಯಂಥ ಬಿಳಿ ಪದರ. ಎದೆ ಧಸಕ್ ಅಂತು. ಇಂಜಿನ್ನಿನ ಮೇಲ್ಭಾಗದ (ಹೆಡ್) ಕೆಳಗಿರುವ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಆಯಿಲ್‌ಗೆ ಸೇರಿದರೂ ಹೀಗೇ ಕಾಣುತ್ತದೆ. ಆದರೆ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಸ್ವಚ್ಛವಾಗಿತ್ತು, ರೇಡಿಯೇಟರಿನಲ್ಲಿ ಆಯಿಲ್ ಪಸೆ ಇರಲಿಲ್ಲ, ನೀರಿನ ಮಟ್ಟವೂ ಇಳಿದಿರಲಿಲ್ಲ. ಇಂಜಿನ್ ಸರಿಯಾಗಿ ಬಿಸಿಯಾಗದಿದ್ದರೆ ಒಳಗೆ ಹುಟ್ಟುವ ತೇವ ಆರಿ ಹೋಗುವುದಿಲ್ಲ. ಅದೇ ಮೇಲಿನ ತಣ್ಣನೆಯ ಜಾಗದಲ್ಲಿ ಆಯಿಲ್ ಜೊತೆ ಸೇರಿ ಹೀಗೆ ಕಟ್ಟಿಕೊಳ್ಳುತ್ತದೆ.

ಅಕ್ಕನ ಮಗ ರಜಕ್ಕೆ ಬಂದಿದ್ದ. ಅವನ ಹತ್ತಿರ ಕಾರಿಗೆ ಸಿಕ್ಕಿಸಿ ಮೊಬೈಲಿನಲ್ಲಿ ರೀಡಿಂಗ್ ನೋಡುವ ಓಬಿಡಿ ಸ್ಕ್ಯಾನರ್ ಇತ್ತು. ಬೆಳಿಗ್ಗೆ ಶಿವಮೊಗ್ಗ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿಸಿದೆವು. "ಮಾವ, 58 ಡಿಗ್ರಿ ಅಷ್ಟೇ ತೋರಿಸ್ತಿದೆ" ಅಂದ. ಇಂಜಿನ್ 80ರ ಮೇಲೆ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಗಾಡಿಯ ಕಂಪ್ಯೂಟರು ಇಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಜಾಸ್ತಿ ಬಿಡುತ್ತಲೇ ಇರುತ್ತದೆ. ಎರಡು ಕಿಲೋಮೀಟರ್ ಮೈಲೇಜು ಎಲ್ಲಿ ಹೋಗಿತ್ತು ಅಂತ ಆಗ ತಿಳಿಯಿತು.

ಇನ್ನೊಂದು ವಿಷಯ ನನಗೆ ನಿಜಕ್ಕೂ ಆಶ್ಚರ್ಯ ತಂದಿತು. ವಾಲ್ವ್ ತೆಗೆದರೆ ಇಂಜಿನ್ ಯಾವಾಗಲೂ ತಂಪಾಗಿರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಲ್ಲ ಗಾಡಿಯಲ್ಲೂ ಹಾಗಲ್ಲ. ಕೆಲವು ಥರ್ಮೋಸ್ಟ್ಯಾಟ್‌ಗಳಿಗೆ ಕೆಳಗಡೆ ಇನ್ನೊಂದು ಸಣ್ಣ ತಟ್ಟೆ ಇರುತ್ತದೆ. ಇಂಜಿನ್ ತಣ್ಣಗಿರುವಾಗ ನೀರು ರೇಡಿಯೇಟರಿಗೆ ಹೋಗದೆ ಒಂದು ಅಡ್ಡದಾರಿಯಲ್ಲಿ ಇಂಜಿನ್ನಿನೊಳಗೇ ಸುತ್ತುತ್ತದೆ. ಬಿಸಿಯಾದಾಗ ಮೇಲಿನ ತಟ್ಟೆ ರೇಡಿಯೇಟರ್ ದಾರಿ ತೆರೆಯುತ್ತದೆ, ಕೆಳಗಿನ ತಟ್ಟೆ ಆ ಅಡ್ಡದಾರಿಯನ್ನು ಮುಚ್ಚುತ್ತದೆ. ವಾಲ್ವನ್ನೇ ತೆಗೆದರೆ ಅಡ್ಡದಾರಿ ಯಾವತ್ತೂ ತೆರೆದೇ ಇರುತ್ತದೆ. ಬಿಸಿ ನೀರಿನಲ್ಲಿ ಒಂದು ಪಾಲು ರೇಡಿಯೇಟರ್ ಕಡೆ ತಲೆ ಹಾಕದೆ ವಾಪಸ್ ಇಂಜಿನ್ನಿಗೇ ಹೋಗುತ್ತದೆ. ಅಂಥ ಗಾಡಿ ತುಂಬು ಭಾರ ಹೊತ್ತು ಘಾಟಿ ಹತ್ತುವಾಗ, ಯಾವುದಕ್ಕೆ ಹೆದರಿ ವಾಲ್ವ್ ತೆಗೆಸಿದೆವೋ ಅದೇ ಆಗಬಹುದು. ನನ್ನ ಗಾಡಿಯದು ಇದೇ ಜಾತಿ.

ಗ್ಯಾರೇಜಿಗೆ ಕೊಡಬಹುದಿತ್ತು. ಇಬ್ಬರನ್ನು ಕೇಳಿದೆ, ಇಬ್ಬರೂ "ಯಾಕ್ ಸಾರ್, ಚೆನ್ನಾಗೇ ಓಡ್ತಿದ್ಯಲ್ಲ" ಅಂದರು. ಹಾಗಾದರೆ ನಾನೇ ಮಾಡುತ್ತೇನೆ ಅಂತ ತೀರ್ಮಾನಿಸಿದೆ.

ಸಾಮಾನಿಗೆ ಶಿವಮೊಗ್ಗಕ್ಕೆ ಹೋದೆ. ಸ್ಪೇರ್ ಪಾರ್ಟ್ಸ್ ಅಂಗಡಿಯವರು ಹಳೇದು ತೋರಿಸಿ ಅಂದರು. ಹಳೇದು ಆಗುಂಬೆ ಘಾಟಿಯ ಮೋರಿಯಲ್ಲಿ ಬಿದ್ದಿದೆ. ಆರ್‌ಸಿ ಕೊಟ್ಟೆ, ಚಾಸಿಸ್ ನಂಬರ್ ಹಾಕಿ ಹುಡುಕಿದರು. ಒಳಗಿನ ಗೋಡೌನಿನಿಂದ ಧೂಳು ಹಿಡಿದ ಡಬ್ಬಿ ತಂದು ಒರೆಸುತ್ತಾ, "ಇದನ್ನ ಕೇಳ್ಕೊಂಡು ಬರೋರೇ ಇಲ್ಲ. ಹಾಕೋದು ಒಳ್ಳೇದೇ" ಅಂದರು. ಥರ್ಮೋಸ್ಟ್ಯಾಟ್ 640 ರೂಪಾಯಿ, ರಬ್ಬರ್ ರಿಂಗ್ ಅದರ ಜೊತೆಗೇ ಬಂತು. ರೇಡಿಯೇಟರ್ ಮುಚ್ಚಳವನ್ನೂ ಹೊಸದು ತೆಗೆದುಕೊಂಡೆ. ಒತ್ತಡ ಹಿಡಿಯುವುದು ಅದರ ಸ್ಪ್ರಿಂಗೇ, ಅದು ಸೋತಿದ್ದರೆ ನೀರು ಬೇಗ ಕುದಿಯುತ್ತದೆ. ನನ್ನ ಮುಚ್ಚಳದ ಮೇಲೆ 0.9 ಅಂತ ಇದೆ, 0.9 ಬಾರ್ ಒತ್ತಡ ಅಂತ ಅರ್ಥ. ಅಷ್ಟು ಒತ್ತಡದಲ್ಲಿ ಬರೀ ನೀರೂ ಸುಮಾರು 118 ಡಿಗ್ರಿವರೆಗೆ ಕುದಿಯದೆ ತಡೆಯುತ್ತದೆ. ರೇಡಿಯೇಟರ್ ನೀರಿಗೆ ಬೆರೆಸುವ ದ್ರವ, ಕೂಲಂಟ್ ಸೇರಿದರೆ ಇನ್ನೂ ಮೇಲೆ. ಮುಚ್ಚಳ ಹಾಕುವಾಗ ಹಳೇ ನಂಬರೇ ಇರಲಿ. ಜಾಸ್ತಿ ನಂಬರಿನದು ಹಾಕಿದರೆ ಹಳೇ ಹೋಸ್‌ಗಳು ತಡೆಯಲಿಕ್ಕಿಲ್ಲ.

ಕೂಲಂಟ್‌ನಲ್ಲಿ ಎರಡು ಥರ ಸಿಗುತ್ತದೆ. ನೀರು ಬೆರೆಸಿಯೇ ಬರುವುದು, ಬೆರೆಸದೆ ಗಟ್ಟಿಯಾಗಿ ಬರುವುದು. ನಾನು ಗಟ್ಟಿಯದು ಎರಡು ಲೀಟರ್ ತೆಗೆದುಕೊಂಡೆ, ಕಾರಣ ಮುಂದೆ ಹೇಳುತ್ತೇನೆ. ಬೆರೆಸಲು ಡಿಸ್ಟಿಲ್ಡ್ ವಾಟರ್, ಬ್ಯಾಟರಿಗೆ ಹಾಕುವ ನೀರು, ಐದೈದು ಲೀಟರಿನ ಎರಡು ಕ್ಯಾನ್. ಬೋರ್‌ವೆಲ್ ನೀರು ದಯವಿಟ್ಟು ಹಾಕಬೇಡಿ. ಬಚ್ಚಲ ಹಂಡೆಯ ಒಳಗೆ ಕೈ ಹಾಕಿ ಕೆರೆದು ನೋಡಿ, ಬಿಳಿ ಗಟ್ಟಿ ಪದರ ಸಿಗುತ್ತದೆ. ಅದೇ ಪದರ ರೇಡಿಯೇಟರಿನ ಸಣ್ಣ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ.

ಭಾನುವಾರ ಬೆಳಿಗ್ಗೆ ಶುರು ಮಾಡಿದೆ. ಇಂಜಿನ್ ರಾತ್ರಿಯಿಡೀ ತಣ್ಣಗಾಗಿತ್ತು. ಎಲ್ಲಕ್ಕಿಂತ ಮೊದಲು ನಮ್ಮ ನಾಯಿ ಕರಿಯನನ್ನು ಹಿತ್ತಲಲ್ಲಿ ಕಟ್ಟಿದೆ. ಕೂಲಂಟ್‌ನಲ್ಲಿ ಇರುವುದು ಇಥಿಲೀನ್ ಗ್ಲೈಕಾಲ್. ಅದು ಸಿಹಿ, ಆದರೆ ವಿಷ. ನಾಯಿಗಳು ಸಿಹಿಗೆ ನೆಕ್ಕುತ್ತವೆ, ಬೆಕ್ಕುಗಳೂ ನೆಕ್ಕಬಹುದು, ಕಿಡ್ನಿ ಹೋಗಿ ಸಾಯುತ್ತವೆ. ಚಿಕ್ಕ ಮಕ್ಕಳಿರುವ ಮನೆಯಲ್ಲೂ ಅಷ್ಟೇ ಜಾಗ್ರತೆ ಬೇಕು.

ರೇಡಿಯೇಟರಿನ ಕೆಳಗೆ ಒಂದು ಪ್ಲಾಸ್ಟಿಕ್ ಚಿಟ್ಟೆ ತಿರುಪು ಇರುತ್ತದೆ. ಅದರ ಕೆಳಗೆ ಬೇಸಿನ್ ಇಟ್ಟು ತಿರುಗಿಸಿದೆ. ಮೇಲಿನ ಮುಚ್ಚಳ ತೆಗೆದ ಕೂಡಲೇ ನೀರು ಜೋರಾಗಿ ಬಂತು. ಬಣ್ಣ ನೋಡಿ ಬೇಜಾರಾಯಿತು. ಜೂನ್ ತಿಂಗಳ ಮೊದಲ ಮಳೆಗೆ ಗುಡ್ಡದಿಂದ ಇಳಿಯುವ ನೀರಿನ ಹಾಗೆ ಕೆಂಪು. ಎರಡು ವರ್ಷ ಬರೀ ನೀರು ಓಡಿ ಇಂಜಿನ್ ಒಳಗೆ ತುಕ್ಕು ಹಿಡಿಸಿತ್ತು. ಕೂಲಂಟ್ ಹಾಕುವುದು ಚಳಿಗೆ ಹೆಪ್ಪುಗಟ್ಟದಿರಲಿ ಅಂತ ಮಾತ್ರ ಅಲ್ಲ. ತುಕ್ಕು ತಡೆಯುವ ಮದ್ದು ಅದರಲ್ಲಿದೆ, ನೀರಿನ ಪಂಪಿನ ಸೀಲ್ ಬಾಳಿಕೆ ಬರುವುದೂ ಅದರಿಂದ. ನಮ್ಮ ಊರಿನಲ್ಲಿ ನೀರು ಯಾವತ್ತೂ ಹೆಪ್ಪುಗಟ್ಟುವುದಿಲ್ಲ, ಆದರೆ ತುಕ್ಕು ಎಲ್ಲ ಊರಲ್ಲೂ ಹಿಡಿಯುತ್ತದೆ.

ತೊಳೆಯುವುದಕ್ಕೆ ಒಂದು ಅನುಕೂಲವಿತ್ತು. ವಾಲ್ವ್ ಇಲ್ಲದ್ದರಿಂದ ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ನೀರು ಎಲ್ಲ ಕಡೆ ಸುತ್ತುತ್ತದೆ. ನೀರು ತುಂಬು, ಹೀಟರ್ ಪೂರ್ತಿ ಬಿಸಿ ಕಡೆ ತಿರುಗಿಸು, ಹತ್ತು ನಿಮಿಷ ಓಡಿಸು, ಆರಲು ಬಿಡು, ಖಾಲಿ ಮಾಡು. ಬಿಸಿ ಇಂಜಿನ್ನಿಗೆ ತಣ್ಣೀರು ಹಾಕಿದರೆ ಹೆಡ್ ಸೀಳಬಹುದು, ಹಾಗಾಗಿ ಪ್ರತಿ ಸಲ ಕಾಯಬೇಕು. ನಾಲ್ಕು ಸಲ ಮಾಡಿದೆ. ಮೂರು ಸಲ ಬಾವಿ ನೀರು, ಕೊನೆಯದು ಡಿಸ್ಟಿಲ್ಡ್. ನಾಲ್ಕನೇ ಸಲ ಬಂದ ನೀರು ತಿಳಿ ಚಹಾದಷ್ಟಾಗಿತ್ತು. ಮಧ್ಯಾಹ್ನ ಅದರಲ್ಲೇ ಕಳೆಯಿತು.

ಕಾಯುವ ಹೊತ್ತಿನಲ್ಲಿ ಹೊಸ ಥರ್ಮೋಸ್ಟ್ಯಾಟ್ ಪರೀಕ್ಷೆ ಮಾಡಿದೆವು. ಈ ಇಡೀ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು. ಅಡುಗೆಗೆ ಬಳಸದ ಹಳೇ ಪಾತ್ರೆಯಲ್ಲಿ ನೀರು, ಅದರೊಳಗೆ ದಾರ ಕಟ್ಟಿ ಇಳಿಬಿಟ್ಟ ಥರ್ಮೋಸ್ಟ್ಯಾಟ್. ತಳ ಮುಟ್ಟಬಾರದು, ತಳದ ಬಿಸಿ ಬೇರೆ, ನೀರಿನ ಬಿಸಿ ಬೇರೆ. ಹೆಂಡತಿ ಕೇಕ್ ಮಾಡಲು ತಂದಿದ್ದ ಡಿಜಿಟಲ್ ಥರ್ಮಾಮೀಟರನ್ನು ಮಗಳು ಹಿಡಿದುಕೊಂಡಳು. ಥರ್ಮೋಸ್ಟ್ಯಾಟಿನ ಅಂಚಿನಲ್ಲಿ 82 ಅಂತ ಅಚ್ಚು ಒತ್ತಿದ್ದಾರೆ.

ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ವಸ್ತು. ನಡುವೆ ಹಿತ್ತಾಳೆಯ ಒಂದು ಗುಂಡು ಡಬ್ಬಿ, ಸುತ್ತ ಸ್ಪ್ರಿಂಗ್, ಮೇಲೆ ದಾರಿ ಮುಚ್ಚಿದ ತಟ್ಟೆ. ಡಬ್ಬಿಯೊಳಗೆ ಇರುವುದು ಮೇಣ. ಕರೆಂಟಿಲ್ಲ, ವೈರಿಲ್ಲ. ಮೇಣ ಕರಗುವಾಗ ಹಿಗ್ಗುತ್ತದೆ, ಹಿಗ್ಗಿದಾಗ ನಡುವಿನ ಕಡ್ಡಿಯನ್ನು ತಳ್ಳುತ್ತದೆ, ತಟ್ಟೆ ತೆರೆಯುತ್ತದೆ. ಆರಿದಾಗ ಸ್ಪ್ರಿಂಗ್ ಅದನ್ನು ವಾಪಸ್ ಮುಚ್ಚುತ್ತದೆ.

"ಎಪ್ಪತ್ತೆಂಟು... ಎಂಬತ್ತು..." ಮಗಳು ಎಣಿಸುತ್ತಿದ್ದಳು. ಏನೂ ಆಗಲಿಲ್ಲ. ಪಾತ್ರೆಯ ತಳದಿಂದ ಸಣ್ಣ ಗುಳ್ಳೆಗಳು ಏಳುತ್ತಿದ್ದವು. 83 ಆದಾಗ ತಟ್ಟೆಯ ಒಂದು ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡಿತು. 86ಕ್ಕೆ ಆ ಗೆರೆ ಸುತ್ತಲೂ ಹರಡಿತು. ದಾರ ಸ್ವಲ್ಪ ಅಲುಗಿತು. 95ಕ್ಕೆ ಬರುವಾಗ ತಟ್ಟೆ ಎಂಟು ಮಿಲಿಮೀಟರಿನಷ್ಟು ಕೆಳಗಿಳಿದು ಬಾಯಿ ಪೂರ್ತಿ ತೆರೆದಿತ್ತು. ಥರ್ಮೋಸ್ಟ್ಯಾಟನ್ನು ಹೊರಗೆ ತೆಗೆದು ಒಂದು ಪ್ಲೇಟಿನ ಮೇಲೆ ಇಟ್ಟೆವು. ನೋಡ ನೋಡುತ್ತಲೇ ನಿಧಾನಕ್ಕೆ ಮುಚ್ಚಿಕೊಂಡಿತು. "ಅಪ್ಪಾ, ಜೀವ ಇದ್ದ ಹಾಗಿದೆ. ಇನ್ನೊಂದ್ಸಲ ಮಾಡೋಣ" ಅಂದಳು. ಮಾಡಿದೆವು. ಎರಡನೇ ಸಲ ಅಪ್ಪನೂ ಕುರ್ಚಿ ತಂದು ಒಲೆ ಹತ್ತಿರ ಕೂತರು.

ಹೊಸದನ್ನೂ ಹೀಗೆ ನೋಡಿಯೇ ಹಾಕಬೇಕು. ಒಳಗೆ ಹಾಕಿ ಮುಚ್ಚಿದ ಮೇಲೆ ಅದು ತೆರೆಯದಿದ್ದರೆ ಎಲ್ಲ ಕೆಲಸ ಇನ್ನೊಮ್ಮೆ.

ಥರ್ಮೋಸ್ಟ್ಯಾಟಿನ ಮನೆ ನನ್ನ ಗಾಡಿಯಲ್ಲಿ ಇಂಜಿನ್ ಹೆಡ್ಡಿನ ಬದಿಗಿದೆ, ರೇಡಿಯೇಟರಿನ ಮೇಲಿನ ಹೋಸ್ ಬಂದು ಸೇರುವ ಜಾಗದಲ್ಲಿ. ಏರ್ ಫಿಲ್ಟರ್ ಡಬ್ಬಿ ತೆಗೆದರೆ ಕೈ ಹೋಗುತ್ತದೆ. ಹೋಸ್ ಕ್ಲಿಪ್ಪನ್ನು ಪ್ಲೇಯರಿನಿಂದ ಅದುಮಿ ಹಿಂದೆ ಸರಿಸಿದೆ. ಹೋಸ್ ಮಾತ್ರ ಅಂಟಿಕೊಂಡು ಕೂತಿತ್ತು. ಸ್ಕ್ರೂಡ್ರೈವರ್ ತುರುಕಿ ಎಬ್ಬಿಸಬೇಡಿ, ಹೋಸ್ ಹರಿಯುತ್ತದೆ, ಅಲ್ಯೂಮಿನಿಯಂ ಕೊಳವೆಯ ಬಾಯಿಗೆ ಗೀರು ಬೀಳುತ್ತದೆ. ಬಿಸಿ ನೀರಿನ ಬಟ್ಟೆ ಸುತ್ತಿ ಐದು ನಿಮಿಷ ಬಿಟ್ಟು, ಎಳೆಯದೆ ಅತ್ತಿತ್ತ ತಿರುಗಿಸಿದೆ. ಬಂತು.

ಬೋಲ್ಟ್ ಎರಡು, ಹತ್ತರ ಪಾನ, ಅಂದರೆ 10 ಎಂಎಂ ಸ್ಪ್ಯಾನರ್ ಸಾಕು. ಒಂದು ಸಲೀಸಾಗಿ ಬಂತು. ಇನ್ನೊಂದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಉಕ್ಕಿನ ಬೋಲ್ಟ್, ಅಲ್ಯೂಮಿನಿಯಂ ಮನೆ, ನಡುವೆ ತುಕ್ಕು. ಇಲ್ಲಿ ಬಲ ಹಾಕಿದರೆ ಬೋಲ್ಟಿನ ತಲೆ ಮುರಿದು ಕೈಗೆ ಬರುತ್ತದೆ, ಬುಡ ಒಳಗೇ ಉಳಿಯುತ್ತದೆ. ಆಮೇಲೆ ಅದನ್ನು ಡ್ರಿಲ್ ಮಾಡಿ ತೆಗೆಸಬೇಕು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಊಟಕ್ಕೆ ಹೋದೆ. ಬಂದು ಮತ್ತೆ ಹೊಡೆದೆ. ಸುತ್ತಿಗೆಯಿಂದ ತಲೆಯ ಮೇಲೆ ಮೆಲ್ಲಗೆ ತಟ್ಟಿದೆ. ಆಮೇಲೆ ಬಿಚ್ಚುವ ಕಡೆಗಲ್ಲ, ಮೊದಲು ಬಿಗಿ ಮಾಡುವ ಕಡೆಗೆ ಒಂದು ಚೂರು ಒತ್ತಿದೆ. 'ಟಿಕ್' ಅಂತ ಸದ್ದಾಯಿತು. ಆ ಸದ್ದು ಕೇಳಿದಾಗ ಆದ ಸಮಾಧಾನ ಹೇಳಲಾರೆ. ಕಾಲು ಸುತ್ತು ಬಿಚ್ಚುವುದು, ಅರ್ಧ ವಾಪಸ್ ತಿರುಗಿಸುವುದು, ಸ್ಪ್ರೇ ಹೊಡೆಯುವುದು, ಹೀಗೇ ಹತ್ತು ನಿಮಿಷದಲ್ಲಿ ಬೋಲ್ಟ್ ಇಡಿಯಾಗಿ ಹೊರಗೆ ಬಂತು. ಅದನ್ನು ಮತ್ತೆ ಹಾಕಲಿಲ್ಲ, ಅದೇ ಅಳತೆಯ ಹೊಸದು ಹಾಕಿದೆ.

ಒಳಗೆ ಖಾಲಿ. ವಾಲ್ವ್ ಕೂರಬೇಕಾದ ಜಾಗದಲ್ಲಿ ತುಕ್ಕಿನ ಗಸಿ ಬೆರಳಿಗೆ ಹತ್ತಿತು. ರಬ್ಬರ್ ರಿಂಗ್ ಇಲ್ಲದ ಜಾಗಕ್ಕೆ ಹಿಂದೆ ಸಿಲಿಕೋನ್ ಗಮ್ ಬಳಿದಿದ್ದರು. ಹೆಚ್ಚಾದ ಗಮ್ ಒಳಗಡೆ ಬಳ್ಳಿಯ ಹಾಗೆ ಜೋತಾಡುತ್ತಿತ್ತು. ಅದು ಕಿತ್ತು ಹೋಗಿ ರೇಡಿಯೇಟರ್ ಕೊಳವೆಗೆ ಸಿಕ್ಕಿಕೊಂಡರೆ ಕಥೆ ಮುಗಿಯಿತು. ಒಂದೊಂದು ಚೂರನ್ನೂ ಬಿಡಿಸಿ ತೆಗೆದೆ. ತೂತಿಗೆ ಬಟ್ಟೆ ತುರುಕಿ, ನಯವಾದ ಉಪ್ಪುಕಾಗದದಿಂದ ಎರಡೂ ಮುಖ ತಿಕ್ಕಿ, ಬೆರಳು ಆಡಿಸಿದರೆ ಎಲ್ಲೂ ತಡೆಯಬಾರದು ಅನ್ನುವಷ್ಟು ಮಾಡಿದೆ.

ಥರ್ಮೋಸ್ಟ್ಯಾಟ್ ಕೂರಿಸುವಾಗ ಎರಡು ವಿಷಯ. ಮೇಣದ ಡಬ್ಬಿ ಮತ್ತು ಸ್ಪ್ರಿಂಗ್ ಇರುವ ಕಡೆ ಇಂಜಿನ್ ಕಡೆಗೆ ಇರಬೇಕು. ತಿರುಗಾ ಹಾಕಿದರೆ ಇಂಜಿನ್ನಿನ ಬಿಸಿ ಮೇಣಕ್ಕೆ ತಟ್ಟುವುದಿಲ್ಲ, ಸಮಯಕ್ಕೆ ತೆರೆಯುವುದಿಲ್ಲ. ಎರಡನೆಯದು, ಅಂಚಿನಲ್ಲಿ ಒಂದು ಸಣ್ಣ ತೂತು, ಅದರಲ್ಲಿ ಅಲುಗಾಡುವ ಪಿನ್ ಇದೆ. ಅದು ಗಾಳಿ ಹೋಗುವ ದಾರಿ. ಗಾಳಿ ಮೇಲಕ್ಕೆ ತಾನೇ ಹೋಗುವುದು, ಹಾಗಾಗಿ ಪಿನ್ ಮೇಲ್ಗಡೆ ಬರಬೇಕು.

ನಾನು ಇಲ್ಲೇ ಎಡವಿದೆ. ಮನೆ ಮುಚ್ಚಿ, ಬೋಲ್ಟ್ ಬಿಗಿ ಮಾಡಿ, ಹೋಸ್ ಸಿಕ್ಕಿಸಿ, ಕೂಲಂಟ್ ತುಂಬಿ ಕೆಳಗೆ ಬಗ್ಗಿ ನೋಡಿದರೆ ತೊಟ್ಟು ತೊಟ್ಟಾಗಿ ಹಸಿರು ನೀರು. ಮೊದಲು ಬೋಲ್ಟನ್ನು ಇನ್ನೂ ಬಿಗಿ ಮಾಡೋಣ ಅನಿಸಿತು. ಕೈ ತಡೆದೆ. ಇಷ್ಟು ಸಣ್ಣ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು, ಅಂದರೆ ಸಣ್ಣ ಪಾನ ಹಿಡಿದು ಮಣಿಕಟ್ಟಿನ ಬಲದಲ್ಲಿ ತಿರುಗಿಸಿದಷ್ಟು. ಅದಕ್ಕಿಂತ ಹೆಚ್ಚಾದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಸೋರುತ್ತಿದ್ದರೆ ತಪ್ಪು ಒಳಗೆ ಎಲ್ಲೋ ಇದೆ. ಬೇಸಿನ್ ತೊಳೆದು ಒರೆಸಿ ಕೂಲಂಟನ್ನು ಅದರಲ್ಲಿ ಇಳಿಸಿಕೊಂಡೆ, ಎಲ್ಲ ಮತ್ತೆ ಬಿಚ್ಚಿದೆ. ಮುಚ್ಚುವಾಗ ಥರ್ಮೋಸ್ಟ್ಯಾಟ್ ಕೂದಲಷ್ಟು ಜಾರಿ, ರಬ್ಬರ್ ರಿಂಗ್ ಒಂದು ಕಡೆ ಮಡಚಿ ಸಿಕ್ಕಿಕೊಂಡಿತ್ತು. ಪುಣ್ಯಕ್ಕೆ ಹರಿದಿರಲಿಲ್ಲ. ಎರಡನೇ ಸಲ ಅಕ್ಕನ ಮಗ ಟಾರ್ಚ್ ಹಿಡಿದ. ನಾನು ಒಂದು ಕೈಯಲ್ಲಿ ಮುಚ್ಚಳ ಒತ್ತಿ ಹಿಡಿದು, ಎರಡೂ ಬೋಲ್ಟನ್ನು ಬೆರಳಿನಲ್ಲೇ ಸರಿಸಮ ತಿರುಗಿಸಿ ಕೂರಿಸಿದೆ. ಆಮೇಲೆ ಪಾನ. ಸೋರಲಿಲ್ಲ.

ಈಗ ಗಟ್ಟಿ ಕೂಲಂಟ್ ಯಾಕೆ ಅನ್ನುವುದು. ನನ್ನ ಗಾಡಿಗೆ ಒಟ್ಟು 4 ಲೀಟರ್ ಹಿಡಿಯುತ್ತದೆ. ಆದರೆ ಕೆಳಗಿನ ತಿರುಪು ಬಿಚ್ಚಿದಾಗ ಬಂದದ್ದು 2.8 ಲೀಟರ್, ಅಳೆದು ನೋಡಿದ್ದೆ. ಉಳಿದ 1.2 ಲೀಟರ್ ನೀರು ಇಂಜಿನ್ನಿನ ಹೊಟ್ಟೆಯಲ್ಲಿ, ಹೀಟರಿನಲ್ಲಿ ಹಾಗೇ ಇರುತ್ತದೆ. ಅರ್ಧಕ್ಕರ್ಧ ನೀರು ಬೆರೆಸಿದ ಕೂಲಂಟ್ ತುಂಬಿದರೆ ಈ ನೀರೂ ಸೇರಿ ಅದು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಡಬ್ಬಿಯ ಮೇಲೆ 50:50 ಅಂತ ಇದ್ದರೂ ಗಾಡಿಯೊಳಗೆ ಅಷ್ಟು ಇರುವುದಿಲ್ಲ. ಅದಕ್ಕೇ ಮೊದಲು ಗಟ್ಟಿ ಕೂಲಂಟ್ 2 ಲೀಟರ್, ಆಮೇಲೆ ಡಿಸ್ಟಿಲ್ಡ್ ನೀರು 0.8 ಲೀಟರ್. ಒಳಗಿನ 1.2 ಸೇರಿ ಲೆಕ್ಕ ಸರಿಯಾಯಿತು. ಹಾಗಂತ ಬರೀ ಗಟ್ಟಿ ಕೂಲಂಟನ್ನೇ ತುಂಬಬೇಡಿ. ಬಿಸಿಯನ್ನು ಹೊತ್ತೊಯ್ಯುವುದರಲ್ಲಿ ಗಟ್ಟಿ ಕೂಲಂಟಿಗಿಂತ ನೀರೇ ಮೇಲು. ಬೇರೆ ಜಾತಿಯ ಕೂಲಂಟುಗಳನ್ನು ಒಂದಕ್ಕೊಂದು ಸೇರಿಸುವುದೂ ಬೇಡ. ಬಣ್ಣ ಒಂದೇ ಇದ್ದರೂ ಒಳಗಿನ ಮದ್ದು ಬೇರೆ ಇರಬಹುದು, ಹಾಗಾಗಿ ಗಾಡಿಯ ಪುಸ್ತಕದಲ್ಲಿ ಯಾವುದನ್ನು ಹೇಳಿದ್ದಾರೋ ಅದೇ.

ಗಾಳಿ ತೆಗೆಯುವುದು ಕೊನೆಯ ಕೆಲಸ. ಪಂಪ್‌ಸೆಟ್‌ಗೆ ಏರ್ ಹಿಡಿದರೆ ಮೋಟಾರು ಓಡುತ್ತದೆ, ನೀರು ಬರುವುದಿಲ್ಲ. ತೋಟ ಇದ್ದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಇಂಜಿನ್ನಿನಲ್ಲೂ ಅದೇ. ಗೇಟಿನ ಇಳಿಜಾರಿನಲ್ಲಿ ಮೂತಿ ಮೇಲಾಗುವ ಹಾಗೆ ಕಾರು ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಮುಚ್ಚಳ ತೆರೆದೇ ಇಟ್ಟು, ಹೀಟರ್ ಪೂರ್ತಿ ತಿರುಗಿಸಿ ಸ್ಟಾರ್ಟ್ ಮಾಡಿದೆ. ರೇಡಿಯೇಟರ್ ಬಾಯಿಯಲ್ಲಿ ಗುಳುಗುಳು ಗುಳ್ಳೆ ಬರತೊಡಗಿತು. ಮೇಲಿನ ಹೋಸನ್ನು ಆಗಾಗ ಅದುಮುತ್ತಿದ್ದೆ. ಮೊಬೈಲಿನಲ್ಲಿ 70, 76, 80. ಹೋಸ್ ಮಾತ್ರ ತಣ್ಣಗೇ ಇತ್ತು. 84 ಆಗುವಾಗ ಕೈಯಡಿಯಲ್ಲಿ ಒಮ್ಮೆಗೇ ಬಿಸಿ ಹರಿದು ಬಂತು. ಪಾತ್ರೆಯಲ್ಲಿ ತೆರೆಯುವುದನ್ನು ನೋಡಿದ್ದೆವಲ್ಲ, ಅದೇ ಬಾಗಿಲು ಈಗ ಒಳಗೆ ತೆರೆದಿತ್ತು. ಅದೇ ಹೊತ್ತಿಗೆ ರೇಡಿಯೇಟರಿನ ಮಟ್ಟ ಗುಳಕ್ ಅಂತ ಕೆಳಗಿಳಿಯಿತು, ಮತ್ತೆ ತುಂಬಿದೆ. ರೇಡಿಯೇಟರ್ ಫ್ಯಾನ್ ಎರಡು ಸಲ ಬಂದು ನಿಂತ ಮೇಲೆ, ಗುಳ್ಳೆ ಪೂರ್ತಿ ನಿಂತ ಮೇಲೆ ಮುಚ್ಚಳ ಹಾಕಿದೆ. ಫ್ಯಾನ್ ಹೇಳದೆ ಕೇಳದೆ ಶುರುವಾಗುತ್ತದೆ. ಆ ಹೊತ್ತಿನಲ್ಲಿ ಕೈ, ಶಾಲು, ಸಡಿಲ ತೋಳು ಯಾವುದೂ ಹತ್ತಿರ ಬೇಡ.

ಮಾರನೇ ದಿನ ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ನೋಡಿದೆ. ಅರ್ಧ ಲೋಟದಷ್ಟು ಇಳಿದಿತ್ತು, ಒಳಗೆ ಉಳಿದಿದ್ದ ಗಾಳಿ ಹೊರಗೆ ಬಂದಿತ್ತು. ತುಂಬಿದೆ. ಮೂರನೇ ದಿನ ಇಳಿದಿರಲಿಲ್ಲ. ಮೊದಲ ಸಲ ತುಂಬಿ ಇಳಿಸಿಕೊಂಡಿದ್ದ ಕೂಲಂಟನ್ನು ಬಟ್ಟೆಯಲ್ಲಿ ಸೋಸಿ ಎರಡನೇ ಸಲಕ್ಕೆ ಅದನ್ನೇ ತುಂಬಿದ್ದೆ. ಉಳಿದ ಸ್ವಲ್ಪ ಮತ್ತು ಬೇಸಿನ್ ತೊಳೆದ ನೀರನ್ನು ಕ್ಯಾನಿಗೆ ಹಾಕಿ, ಗಟ್ಟಿ ಮುಚ್ಚಿ, ವೇಸ್ಟ್ ಆಯಿಲ್ ತೆಗೆದುಕೊಳ್ಳುವ ಸರ್ವೀಸ್ ಸ್ಟೇಷನ್ನಿಗೆ ಕೊಟ್ಟೆ. ಚರಂಡಿಗೆ ಚೆಲ್ಲಿದರೆ ಅದು ಕೊನೆಗೆ ಹೋಗುವುದು ತುಂಗೆಗೆ.

ಸ್ಕ್ಯಾನರ್ ಹಾಕಿಕೊಂಡು ಅದೇ ಶಿವಮೊಗ್ಗ ರಸ್ತೆಯಲ್ಲಿ ಓಡಿಸಿದೆವು. ಐದಾರು ಕಿಲೋಮೀಟರಿಗೆಲ್ಲ 84 ತಲುಪಿ, 84ರಿಂದ 88ರ ನಡುವೆ ನಿಂತಿತು. ಆಯಿಲ್ ಮುಚ್ಚಳ ಒರೆಸಿ ಇಟ್ಟಿದ್ದೆ. ತಿಂಗಳು ಬಿಟ್ಟು ತೆಗೆದು ನೋಡಿದಾಗ ಬಿಳಿ ಪದರ ಮತ್ತೆ ಕಟ್ಟಿರಲಿಲ್ಲ. ಮೈಲೇಜು ಮೂರು ಟ್ಯಾಂಕ್ ಲೆಕ್ಕ ಹಾಕಿದೆ, 16.8 ಬಂತು.

ಫೆಬ್ರವರಿಯಲ್ಲಿ ಅಪ್ಪನಿಗೆ ಮತ್ತೆ ಮಣಿಪಾಲದಲ್ಲಿ ಡಾಕ್ಟರ್ ಹತ್ತಿರ ಹೋಗುವುದಿತ್ತು. ಬರುವಾಗ ಸೋಮೇಶ್ವರದಲ್ಲಿ ನಿಲ್ಲಿಸಿ ಚಹಾ ಕುಡಿದು ಘಾಟಿ ಶುರು ಮಾಡಿದೆವು. ಎಸಿ ಹಾಕಿಯೇ ಇತ್ತು. ಅಪ್ಪ ಮಾತಾಡದೆ ಡ್ಯಾಶ್‌ಬೋರ್ಡಿನ ಕಡೆ ಬಗ್ಗಿ ಮುಳ್ಳನ್ನೇ ನೋಡುತ್ತಿದ್ದರು. ನಾವು ಹಿಂದೆ ನಿಂತಿದ್ದ ಜಾಗ ಬಂತು, ದಾಟಿತು. ಮುಳ್ಳು ಮಧ್ಯದಲ್ಲೇ ಇತ್ತು. ಮೇಲೆ ಸೂರ್ಯಾಸ್ತ ನೋಡುವ ಕಟ್ಟೆ ಕಾಣಿಸಿದ ಮೇಲೆ ಅವರು ಸೀಟಿಗೆ ಒರಗಿ, "ಆ ಪಾತ್ರೇಲಿ ನೋಡಿದ್ವಲ್ಲ, ಅದು ಈಗ ಬಾಯಿ ಬಿಟ್ಕೊಂಡಿರ್ತದಾ?" ಅಂದರು.

"ಹೌದಪ್ಪ, ಅಗಲವಾಗಿ" ಅಂದೆ.